ಲಿನಕ್ಸಿಗೆ ಕಾವಲು ಬೇಡವೆ?

“ಲಿನಕ್ಸ್ ಇರುವ ಗಣಕಕ್ಕೆ ಯಾವ ಭಯವೂ ಇಲ್ಲ, ಒಮ್ಮೆ ಸ್ಥಾಪಿಸಿದರೆ ಮತ್ತೆ ಅದರ ಗೊಡವೆ ಬೇಡ” ಎಂಬ ಮಾತು ನಮ್ಮ ವಿದ್ಯಾರ್ಥಿಗಳ ಬಾಯಲ್ಲಿ ಆಗಾಗ ಕೇಳಿಬರುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ, ಹಳೆಯ ಯಂತ್ರವನ್ನು ಎಸೆಯಲೊಲ್ಲದವರಿಗೆ ಲಿನಕ್ಸ್ ಒಂದು ಒಳ್ಳೆಯ ದಾರಿಯಾಗಿದೆ. ಇದು ಸಂತೋಷದ ಸಂಗತಿ. ಆದರೆ ಮೇಲಿನ ನಂಬಿಕೆಯನ್ನೂ ಅದರ ಜೊತೆಗೆ ಮನೆಗೆ ತಂದುಕೊಳ್ಳುವುದು ಅಪಾಯಕರವೆಂದೇ ನಮ್ಮ ಅಭಿಪ್ರಾಯ.

ಈ ನಂಬಿಕೆಗೆ ಆಧಾರವಿಲ್ಲದೆ ಇಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ರೂಪಿಸತೊಡಗಿದ ಯುನಿಕ್ಸ್ ವ್ಯವಸ್ಥೆಯು ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವಂತೆ ಬೆಳೆಯಿತು. ಆದಕಾರಣ ಒಬ್ಬನ ಕಡತವನ್ನು ಇನ್ನೊಬ್ಬನು ಕೆಡಿಸದಂತೆ ಅದರೊಳಗೆ ಗೋಡೆಗಳೆದ್ದವು. ಸಾಮಾನ್ಯ ಬಳಕೆದಾರನಿಗೆ ತನ್ನ ಕೋಣೆ ಮಾತ್ರ. ಇಡೀ ಮನೆಯ ಬೀಗದ ಕೈಗೊಂಚಲು ‘ರೂಟ್’ ಎಂಬ ಯಜಮಾನನ ಬಳಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇದೇ ಪದ್ಧತಿಯನ್ನು ಅನುಸರಿಸಿತು.

ಆದರೆ ಗೋಡೆ ಕಟ್ಟಿದವರು ಮನುಷ್ಯರು. ಬಿರುಕು ಉಳಿಯುವುದು ಸಹಜ. 1988ರ ನವೆಂಬರ್ 2ರಂದು ಅಂತರಜಾಲದಲ್ಲಿ ಹರಡಿದ ‘ಮಾರಿಸ್ ಹುಳು’ ಹೊಕ್ಕಿದ್ದು ಯುನಿಕ್ಸ್ ಯಂತ್ರಗಳನ್ನೇ. ಅಂಚೆ ಸಾಗಿಸುವ ತಂತ್ರಾಂಶದ ದೋಷವೂ ಸುಲಭವಾಗಿ ಊಹಿಸಬಹುದಾದ ಗುಪ್ತಪದಗಳೂ ಅದಕ್ಕೆ ದಾರಿ ಮಾಡಿಕೊಟ್ಟವು. 2016ರಲ್ಲಿ ಬೆಳಕಿಗೆ ಬಂದ ‘ಡರ್ಟಿ ಕೌ’ ಎಂಬ ದೋಷವಂತೂ 2007ರಿಂದಲೇ ಲಿನಕ್ಸಿನ ತಿರುಳಿನಲ್ಲಿ ಅಡಗಿತ್ತು. ಅದರ ಮೂಲಕ ಸಾಮಾನ್ಯ ಬಳಕೆದಾರನೇ ಯಜಮಾನನಾಗಿಬಿಡಬಹುದಿತ್ತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಯಂತ್ರ ಸವೆಯುವುದು ಘರ್ಷಣೆಯಿಂದ. ತಂತ್ರಾಂಶಕ್ಕೆ ಘರ್ಷಣೆಯಿಲ್ಲ, ತುಕ್ಕೂ ಹಿಡಿಯದು. ಆದರೂ ಅದಕ್ಕೆ ಮುಪ್ಪು ಬರುತ್ತದೆ. ಏಕೆಂದರೆ ಅದರ ದೋಷಗಳ ಬಗೆಗೆ ಲೋಕದ ತಿಳಿವಳಿಕೆ ದಿನೇ ದಿನೇ ಬೆಳೆಯುತ್ತದೆ. ದುರಸ್ತಿ ಪ್ರಕಟವಾದ ದಿನ ದೋಷವೂ ಜಗಜ್ಜಾಹೀರಾಗುತ್ತದೆ. ದುರಸ್ತಿಯನ್ನು ಹಾಕಿಕೊಳ್ಳದವನ ಗಣಕ ಅಂದಿನಿಂದ ಮೊದಲಿಗಿಂತಲೂ ಅರಕ್ಷಿತ.

ಈ ಪಾಠವನ್ನು ನಾವು ಬೆಲೆ ತೆತ್ತೇ ಕಲಿತೆವು. ನಮ್ಮ ಮನೆಯ ಗಣಕವನ್ನು “ಚೆನ್ನಾಗಿಯೇ ನಡೆಯುತ್ತಿದೆಯಲ್ಲ” ಎಂದು ಮೂರು ವರ್ಷ ನವೀಕರಿಸದೆ ಬಿಟ್ಟಿದ್ದೆವು. ಕಾಲೇಜಿನಿಂದಲೂ ಬಳಸೋಣವೆಂದು ದೂರಪ್ರವೇಶದ ಸೇವೆಯನ್ನು ತೆರೆದು, ಪರೀಕ್ಷೆಗೆಂದು ಹುಟ್ಟಿಸಿದ ಖಾತೆಗೆ ಅದರ ಹೆಸರನ್ನೇ ಗುಪ್ತಪದವಾಗಿಟ್ಟು ಮರೆತೆವು. ಒಂದು ದಿನ ಕೆಲಸವಿಲ್ಲದಿದ್ದರೂ ಯಂತ್ರದ ಫ್ಯಾನು ಬಿಡದೆ ತಿರುಗುತ್ತಿತ್ತು. ಯಾರೋ ಅಪರಿಚಿತರು ಒಳಹೊಕ್ಕು ತಮ್ಮ ಲೆಕ್ಕಾಚಾರವನ್ನು ನಮ್ಮ ವಿದ್ಯುತ್ತಿನಲ್ಲಿ ನಡೆಸುತ್ತಿದ್ದರು! ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಬೇಕಾಯಿತು. ಬೇರೆ ಡಿಸ್ಕಿನಲ್ಲಿ ಪ್ರತಿಯಿದ್ದ ಪಾಠದ ಟಿಪ್ಪಣಿಗಳು ಉಳಿದವು. ಪ್ರತಿಯಿಲ್ಲದ ಮನೆಯ ಚಿತ್ರಗಳು ಹೋದವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ಸಾಲಿಗೆ ನಾವೂ ಸೇರಿದೆವು.

ಹಾಗಾದರೆ ಮಾಡಬೇಕಾದುದೇನು? ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನೇ ನೋಡೋಣ. ಅದರ 12ನೆಯ ಆವೃತ್ತಿ 2023ರ ಜೂನ್‌ನಲ್ಲಿಯೂ 13ನೆಯದು 2025ರ ಆಗಸ್ಟ್‌ನಲ್ಲಿಯೂ ಹೊರಬಂದವು. ಪ್ರತಿಯೊಂದಕ್ಕೂ ಮೂರು ವರ್ಷ ಪೂರ್ಣ ಬೆಂಬಲ, ಆಮೇಲೆ ಎರಡು ವರ್ಷ ದೀರ್ಘಾವಧಿಯ ಬೆಂಬಲ. ಮೇಲಿನ ಆವೃತ್ತಿಗೆ ಏರುವಾಗ ಮೊದಲು ಕಡತಗಳ ಪ್ರತಿ ತೆಗೆಯಬೇಕು. ಇರುವ ಆವೃತ್ತಿಯನ್ನು ಪೂರ್ತಿ ನವೀಕರಿಸಬೇಕು. ಬಳಿಕ ಮೂಲಗಳ ಪಟ್ಟಿಯಲ್ಲಿ ಆವೃತ್ತಿಯ ಹೆಸರನ್ನು ಬದಲಿಸಿ ‘ಆಪ್ಟ್’ ಎಂಬ ಸಲಕರಣೆಯಿಂದ ಏರಬೇಕು. ಒಂದೊಂದೇ ಮೆಟ್ಟಿಲು, ನಡುವಿನದನ್ನು ಹಾರುವಂತಿಲ್ಲ. ಕೊನೆಗೆ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗಲೇ ಹೊಸ ತಿರುಳು ಕೆಲಸಕ್ಕೆ ತೊಡಗುವುದು. ವಾರಕ್ಕೊಮ್ಮೆ ದುರಸ್ತಿಗಳನ್ನು ಪಡೆಯುವುದು, ಬೇಡದ ಸೇವೆಗಳನ್ನು ನಿಲ್ಲಿಸುವುದು, ನಿತ್ಯದ ಕೆಲಸಕ್ಕೆ ರೂಟ್ ಆಗದಿರುವುದು, ದೂರಪ್ರವೇಶಕ್ಕೆ ಗುಪ್ತಪದದ ಬದಲು ಕೀಲಿ ಕಡತವನ್ನು ಬಳಸುವುದು—ಇಷ್ಟು ಅಭ್ಯಾಸವಾದರೆ ಕಾವಲಿನ ಬಹುಪಾಲು ಮುಗಿದಂತೆ.

“ನವೀಕರಣದ ಮೂಲಕವೇ ಕಳ್ಳ ಬಂದರೆ?” ಎಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯಾದುದೇ. 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಜೆಡ್’ ಎಂಬ ಸಂಕೋಚನ ತಂತ್ರಾಂಶದೊಳಗೆ ಬೇಕೆಂದೇ ಹುದುಗಿಸಿದ್ದ ಕಳ್ಳಬಾಗಿಲೊಂದು ಪತ್ತೆಯಾಯಿತು. ದೂರಪ್ರವೇಶಕ್ಕೆ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಕಂಡು, ಕಾರಣವನ್ನು ಬೆನ್ನಟ್ಟಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು. ಡೆಬಿಯನ್ನಿನ ಪ್ರಯೋಗದ ಆವೃತ್ತಿಗಳವರೆಗೆ ಬಂದಿದ್ದ ಅದು ಸ್ಥಿರ ಆವೃತ್ತಿಯನ್ನು ಮುಟ್ಟಲಿಲ್ಲ. ಆದ್ದರಿಂದ ನವೀಕರಣವನ್ನೇ ತೊರೆಯುವುದು ಇದಕ್ಕೆ ಉತ್ತರವಲ್ಲ. ಮನೆಯ ಕೆಲಸಕ್ಕೆ ಸ್ಥಿರ ಆವೃತ್ತಿಯನ್ನೇ ಆರಿಸಿಕೊಂಡು, ಕಣ್ಣು ತೆರೆದಿರುವುದು ಉತ್ತರ.

ಪ್ರಯೋಗಶಾಲೆಯಲ್ಲಿ ಅಳತೆ ತುಸು ತಪ್ಪಿದರೆ “ಇರಲಿ ಬಿಡಿ” ಎನ್ನುವ ವಿದ್ಯಾರ್ಥಿಗಳನ್ನು ನಾವು ಬಲ್ಲೆವು. ಅಂದು ಆ ಅರ್ಧ ಸೆಕೆಂಡಿಗೂ “ಇರಲಿ ಬಿಡಿ” ಎಂದಿದ್ದರೆ ಏನಾಗುತ್ತಿತ್ತೆಂಬುದನ್ನು ಅವರು ಒಮ್ಮೆ ಯೋಚಿಸಲಿ. ಬರುವ ಭಾನುವಾರ ತಮ್ಮ ಮನೆಯ ಗಣಕದ ಆವೃತ್ತಿ ಯಾವುದು, ಅದರ ಬೆಂಬಲ ಎಂದಿಗೆ ಮುಗಿಯುತ್ತದೆ ಎಂಬುದನ್ನು ನೋಡಿಕೊಂಡರೆ ಈ ಬರಹ ಸಾರ್ಥಕವಾಯಿತೆಂದು ಭಾವಿಸುತ್ತೇವೆ.