ಕೆಲಸ ಕೊಡಿಸುವವರ ಕೆಲಸಕ್ಕೇ ಭದ್ರತೆಯಿಲ್ಲ

ಬೆಂಗಳೂರು: ಪರರಿಗೆ ಉದ್ಯೋಗ ದೊರಕಿಸಿಕೊಡುವುದನ್ನೇ ಉದ್ಯೋಗವಾಗಿಸಿಕೊಂಡ ವರ್ಗವೊಂದು ರಾಜಧಾನಿಯಲ್ಲಿ ಸದ್ದಿಲ್ಲದೆ ಬೆಳೆದಿದೆ. 2016ರಲ್ಲಿ ಷೇರುಪೇಟೆ ಪ್ರವೇಶಿಸಿದ ಟೀಮ್‌ಲೀಸ್ ಹಾಗೂ ಕ್ವೆಸ್ ಕಾರ್ಪ್ ಸಂಸ್ಥೆಗಳ ಕೇಂದ್ರ ಕಚೇರಿಗಳು ಇಲ್ಲಿಯೇ ಇವೆ. ಬಾಡಿಗೆ ಮಹಡಿಗಳಲ್ಲಿ ನಡೆಯುವ ಸಣ್ಣ ಕನ್ಸಲ್ಟೆನ್ಸಿಗಳು ಅಸಂಖ್ಯ. ಅಲ್ಲಿ ದಿನವಿಡೀ ಹೆಡ್‌ಫೋನ್ ಧರಿಸಿ ಅಭ್ಯರ್ಥಿಗಳನ್ನು ಹುಡುಕುವ ಯುವಜನರ ಸ್ಥಿತಿಗತಿ ಮಾತ್ರ ಚರ್ಚೆಗೆ ಬಂದದ್ದು ಕಡಿಮೆ.

'ಎಚ್.ಆರ್. ರಿಕ್ರೂಟರ್' ಎಂಬ ಜಾಹೀರಾತು ನೋಡಿ ಎಂ.ಬಿ.ಎ. ಪದವೀಧರರು ಸೇರುತ್ತಾರೆ. ಸೇರಿದ ಮೇಲೆ ತಿಳಿಯುವುದು, ಇದು ಮಾನವ ಸಂಪನ್ಮೂಲ ನಿರ್ವಹಣೆಯಲ್ಲ, ಶುದ್ಧ ಮಾರಾಟದ ಕೆಲಸ ಎಂದು. ಕಾಯಂ ಹುದ್ದೆ ಭರ್ತಿ ಮಾಡಿದರೆ ಅಭ್ಯರ್ಥಿಯ ವಾರ್ಷಿಕ ವೇತನದ ಶೇ. 8.33, ಅಂದರೆ ಒಂದು ತಿಂಗಳ ಸಂಬಳ, ಶುಲ್ಕವಾಗಿ ಬರುವುದು ವಾಡಿಕೆ. 6 ಲಕ್ಷ ರೂ. ವೇತನದ ಹುದ್ದೆಗೆ ಸುಮಾರು 50 ಸಾವಿರ ರೂ. ಆದರೆ ಈ ಹಣ ಕೈಸೇರುವ ದಾರಿ ದೀರ್ಘವಾದದ್ದು. ಏಪ್ರಿಲ್‌ನಲ್ಲಿ ಆಯ್ಕೆಯಾದ ಅಭ್ಯರ್ಥಿ 90 ದಿನಗಳ ನೋಟಿಸ್ ಅವಧಿ ಮುಗಿಸಿ ಸೇರುವುದು ಜುಲೈನಲ್ಲಿ. ಮುಂದಿನ 90 ದಿನಗಳೊಳಗೆ ಆತ ಬಿಟ್ಟುಹೋದರೆ ಉಚಿತವಾಗಿ ಬದಲಿ ವ್ಯಕ್ತಿಯನ್ನು ಒದಗಿಸಬೇಕೆಂಬ ಷರತ್ತು ಸಾಮಾನ್ಯ. ಹೀಗಾಗಿ ರಿಕ್ರೂಟರ್‌ಗೆ ಪ್ರೋತ್ಸಾಹಧನ ಸಿಗುವ ವೇಳೆಗೆ ಅಕ್ಟೋಬರ್ ಕಳೆದಿರುತ್ತದೆ. ನಡುವೆ ರಾಜೀನಾಮೆ ಕೊಟ್ಟರೆ ಅದೂ ಇಲ್ಲ.

ನಿರ್ವಹಣೆಯ ದೋಷ ಎದ್ದು ಕಾಣುವುದು ಇಲ್ಲಿ. ಒಂದೇ ಹುದ್ದೆಯನ್ನು ಕಂಪನಿಗಳು ಐದಾರು ಕನ್ಸಲ್ಟೆನ್ಸಿಗಳಿಗೆ ಏಕಕಾಲದಲ್ಲಿ ವಹಿಸುತ್ತವೆ. ಯಾರ ಬಯೋಡೇಟಾ ಮೊದಲು ತಲುಪಿತೋ ಅವರಿಗೇ ಶುಲ್ಕ. ಹುದ್ದೆ ರದ್ದಾದ ಸುದ್ದಿ ವಾರ ಕಳೆದರೂ ಕೆಳಗೆ ತಲುಪುವುದಿಲ್ಲ. ಕಂಪನಿಯೊಡನೆ ಮಾತನಾಡಿ ಇದನ್ನು ಸರಿಪಡಿಸಬೇಕಾದವರು ವ್ಯವಸ್ಥಾಪಕರು. ಅವರೋ, ಎಷ್ಟು ಕರೆ ಮಾಡಿದಿರಿ ಎಂದು ಎಣಿಸುತ್ತಾ ಕುಳಿತಿರುತ್ತಾರೆ. ಚೆನ್ನಾಗಿ ಹುದ್ದೆ ತುಂಬಿದವರನ್ನೇ ತರಬೇತಿಯಿಲ್ಲದೆ ತಂಡದ ಮುಖ್ಯಸ್ಥರನ್ನಾಗಿಸುವ ಪದ್ಧತಿಯ ಫಲವಿದು.

ಮಾರುಕಟ್ಟೆ ಕುಸಿದಾಗ ಹೊರೆ ಬೀಳುವುದೂ ಇವರ ಮೇಲೆಯೇ. 2023-24ರಲ್ಲಿ ಟಿ.ಸಿ.ಎಸ್. ಸಿಬ್ಬಂದಿ ಸಂಖ್ಯೆ 13 ಸಾವಿರಕ್ಕೂ ಹೆಚ್ಚು, ಇನ್ಫೋಸಿಸ್‌ನದ್ದು ಸುಮಾರು 26 ಸಾವಿರ, ವಿಪ್ರೋದ್ದು 24 ಸಾವಿರಕ್ಕೂ ಹೆಚ್ಚು ಇಳಿಯಿತು. ಹುದ್ದೆಗಳೇ ಇಲ್ಲದಾಗ ಕರೆಗಳ ಸಂಖ್ಯೆ ಹೆಚ್ಚಿಸಿ ಫಲವೇನು? ಈ ವ್ಯವಹಾರದ ಇನ್ನೊಂದು ಮುಖ ಬಯಲಾದದ್ದೂ 2023ರಲ್ಲಿಯೇ. ನೇಮಕಾತಿ ಅಕ್ರಮದ ತನಿಖೆಯ ಬಳಿಕ ಟಿ.ಸಿ.ಎಸ್. ತನ್ನ 16 ನೌಕರರನ್ನು ವಜಾಗೊಳಿಸಿ, 6 ಪೂರೈಕೆದಾರ ಸಂಸ್ಥೆಗಳನ್ನು ನಿಷೇಧಿಸಿತು. ಹೀಗೆ ಗುತ್ತಿಗೆ ಕಡಿದಾಗ ತಪ್ಪಿನ ಅರಿವೇ ಇಲ್ಲದ ಕಿರಿಯ ರಿಕ್ರೂಟರ್‌ನ ಗುರಿಯೂ ಸಂಬಳವೂ ಅದರೊಡನೆ ತೂಗುತ್ತವೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಇವರಿಗೆ ಅರ್ಧ ನೆರವು ನೀಡಿವೆ. ರಾಜೀನಾಮೆ ಕೊಟ್ಟರೂ ವಜಾಗೊಂಡರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ಹಳೆಯ ವೇತನ ಪಾವತಿ ಕಾಯ್ದೆಯಲ್ಲಿದ್ದ ತಿಂಗಳಿಗೆ 24 ಸಾವಿರ ರೂ.ಗಳ ಮಿತಿ ಈಗಿಲ್ಲ. ಆದರೆ 'ವೇತನ'ದ ವ್ಯಾಖ್ಯೆಯಿಂದ ಕಮಿಷನ್ ಅನ್ನು ಹೊರಗಿಡಲಾಗಿದೆ. ಹೊರಗಿಟ್ಟ ಬಾಬತ್ತುಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮಾತ್ರ ಹೆಚ್ಚುವರಿ ಭಾಗ ವೇತನವೆನಿಸುತ್ತದೆ. ಹುದ್ದೆ ತುಂಬಿದ್ದಕ್ಕೆ ಸಲ್ಲಬೇಕಾದ ಹಣವನ್ನು ಕಮಿಷನ್ ಎಂದು ಕರೆದು ತಡೆಹಿಡಿಯಲು ಮಾಲೀಕರಿಗೆ ಇಷ್ಟು ಸಾಕು.

ಪ್ರತಿ ನೌಕರನಿಗೂ ನೇಮಕಾತಿ ಪತ್ರ ನೀಡುವುದು ಈಗ ಕಡ್ಡಾಯ. ಪ್ರೋತ್ಸಾಹಧನ ಯಾವಾಗ, ಯಾವ ಷರತ್ತಿನ ಮೇಲೆ ಸಲ್ಲುತ್ತದೆ ಎಂಬುದನ್ನು ಆ ಪತ್ರದಲ್ಲಿಯೇ ಬರೆಸಿಕೊಳ್ಳಲು ಅವಕಾಶವಿದೆ. ಬಾಕಿ ವೇತನದ ಬಗ್ಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಲು 3 ವರ್ಷಗಳ ಕಾಲಾವಕಾಶವನ್ನು ವೇತನ ಸಂಹಿತೆ ಕಲ್ಪಿಸಿದೆ.