ಬೇರಿನ ಗಂಟು, ಅಂಗಡಿಯ ಬಾಕಿ



ಮಧ್ಯಾಹ್ನದ ಬಿಸಿಲಿಗೆ ಜೋತುಬಿದ್ದ ಟೊಮೆಟೊ ಗಿಡ ಸಂಜೆಗೆ ಚೇತರಿಸಿಕೊಂಡರೆ, ನೀರು ಸಾಲದು ಅಂತ ಬೋರ್‌ವೆಲ್ ಬಿಡಬೇಡಿ. ಒಂದು ಗಿಡ ಕಿತ್ತು ಬೇರು ನೋಡಿ. ಗಂಟುಗಂಟಾಗಿದ್ದರೆ ಅದು ಬೇರುಗಂಟು ಜಂತುಹುಳು. ಅಲಸಂದೆ ಬೇರಿನ ಒಳ್ಳೇ ಗಂಟು ತಿಕ್ಕಿದರೆ ಉದುರುತ್ತೆ, ಇದು ಉದುರೋದಿಲ್ಲ. ಬೇರಿನೊಳಗೇ ಕೂತ ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತೆ. ಬೆಚ್ಚನೆ ಮಣ್ಣಲ್ಲಿ ಸುಮಾರು ತಿಂಗಳಿಗೊಂದು ತಲೆಮಾರು.

ಇದನ್ನು ಸಾಕಿದವರು ಯಾರು? ಕ್ಯಾಲನೂರಾಗಲಿ, ಶ್ರೀನಿವಾಸಪುರವಾಗಲಿ, ನಾವೇ. ಟೊಮೆಟೊ ಆದಮೇಲೆ ಬದನೆ, ಆಮೇಲೆ ಕ್ಯಾರೆಟ್, ಮತ್ತೆ ಟೊಮೆಟೊ. ಎಲ್ಲವೂ ಅದಕ್ಕೆ ಹಬ್ಬದೂಟ.

ಆಮೇಲೆ ಔಷಧಿ ಅಂಗಡಿಗೆ ಓಡುತ್ತೇವೆ. ಅಂಗಡಿಯವನು ಬೇರು ನೋಡೋದಿಲ್ಲ, ಬಾಕಿ ಪುಸ್ತಕ ನೋಡ್ತಾನೆ. ಮಂಡಿಯಲ್ಲಿ ಬೆಲೆ ಬಿದ್ದು, ಹಣ್ಣು ಕೀಳುವ ಕೂಲಿ ಹುಟ್ಟದಿದ್ದರೂ ಆ ಬಾಕಿ ಕರಗದು. ವರ್ಷಾನುಗಟ್ಟಲೆ ನಾವು ಸುರಿದ ಫೋರೇಟ್ ಗುಳಿಗೆಯನ್ನು ಕೇಂದ್ರ ಸರ್ಕಾರವೇ 2018ರಲ್ಲಿ ಆದೇಶ ಮಾಡಿ, 2020ರ ಕೊನೆಗೆ ಪೂರ್ತಿ ನಿಲ್ಲಿಸಿತು. ನಮ್ಮ ದುಡ್ಡು ವಾಪಸ್ ಬಂತೇ?

ಬದುವಿನ ಬೇವು, ಹೊಂಗೆ, ಎಕ್ಕಕ್ಕೆ ಯಾರೂ ಬಿಲ್ ಬರೆಯೋದಿಲ್ಲ. ಹಾಗಂತ ಎಲೆರಸ ಪವಾಡ ಅಂತ ನಾನು ಹೇಳಲಾರೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಈ ರಸಕ್ಕೆ ಮರಿಹುಳು ಸಾಯುತ್ತೆ, ಮೊಟ್ಟೆ ಒಡೆಯೋದು ಕಡಿಮೆಯಾಗುತ್ತೆ. ಇದು ಮತ್ತೆಮತ್ತೆ ಕಂಡ ಮಾತು. ಆದರೆ ಎಕರೆ ಮಣ್ಣಿಗೆ ಹೊಯ್ದರೆ ಸಮುದ್ರಕ್ಕೆ ಉಪ್ಪು ಹಾಕಿದ ಹಾಗೆ. ಆದ್ದರಿಂದ ರಸವನ್ನು ಒಟ್ಲಿಗೆ ಇಟ್ಟುಕೊಳ್ಳಿ. 1 ಕಿಲೋ ಎಲೆ ಜಜ್ಜಿ 10 ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ, ಪೈರಿನ ಬುಡಕ್ಕೆ ಹೊಯ್ಯಿರಿ. ಮೊದಲು ಹತ್ತು ಪೈರಿಗೆ ಹಾಕಿ ನೋಡಿ. ರಸ ಗಟ್ಟಿಯಾದರೆ ಎಳೇ ಬೇರು ಸುಡುತ್ತೆ. ಎಕ್ಕದ ಹಾಲು ಕಣ್ಣಿಗೆ ಸಿಡಿಯದಂತೆ ಜೋಪಾನ.

ಹೊಲಕ್ಕೆ ರಸವಲ್ಲ, ಎಲೆಯೇ ಬೇಕು. ಹೊಂಗೆ, ಬೇವಿನ ಸೊಪ್ಪನ್ನು ನಾಟಿಗೆ ಎರಡು ಮೂರು ವಾರ ಮುಂಚೆ ಮಣ್ಣಿಗೆ ಸೇರಿಸಿ, ತೇವ ಇಟ್ಟು ಕೊಳೆಯಲು ಬಿಡಿ. ಬೇವಿನ ಹಿಂಡಿ ಸಿಕ್ಕರೆ ಇನ್ನೂ ಮೇಲು. ಒಂದು ಬೆಳೆ ಚೆಂಡುಹೂ ಹಾಕಿದರೆ ಅದರ ಬೇರೇ ಹುಳುವಿಗೆ ವಿಷ, ಹೂವಿಗೆ ಮಾರುಕಟ್ಟೆಯೂ ಉಂಟು. ಕೊಯ್ಲಾದ ಗಿಡವನ್ನು ಬೇರುಸಮೇತ ಕಿತ್ತು ಸುಡಿ. ನಾವು ಉತ್ತು ಮಣ್ಣಿಗೇ ಬೆರೆಸ್ತೀವಿ, ಅಲ್ಲೇ ತಪ್ಪೋದು.

ವಿಜ್ಞಾನಿಗಳನ್ನೂ ಬಿಡಬೇಡಿ. ತಟ್ಟೆಯ ಲೆಕ್ಕ ಸಾಕು, ನಮ್ಮ ಹೊಲದಲ್ಲಿ ಅರ್ಧ ಎಕರೆಗೆ ಸೊಪ್ಪು, ಅರ್ಧ ಎಕರೆಗೆ ಅಂಗಡಿ ಔಷಧಿ ಹಾಕಿ, ಕೂಲಿ ಸೇರಿಸಿ ರೂಪಾಯಿ ಲೆಕ್ಕ ಕೊಡಿ ಅಂತ ಕೇಳಿ. ಸೊಪ್ಪು ಕಡಿಯುವ ಕೂಲಿಯೂ ಕೂಲಿಯೇ.