‘ಲೇಟ್’ ಅಂದ್ರೆ ಸಿಟ್ಟೇಕೆ ಸ್ವಾಮೀ?

ನಮ್ಮ ನಗರಗೆರೆಯಲ್ಲಿ ಹಿಂದೂಪುರದ ಬಸ್ಸು ಲೇಟಾದರೆ ಯಾರಿಗೂ ಬೇಜಾರಿಲ್ಲ. ಅಪ್ಪುವನ್ನು ‘ಲೇಟ್’ ಅಂದು ನೋಡಿ... ಅಬ್ಬಬ್ಬಾ!

ಮಾರ್ಚ್ 17ರ ಹುಟ್ಟುಹಬ್ಬಕ್ಕೆ ಹುಡುಗರು ಬ್ಯಾನರ್ ಮಾಡಿಸಿ ತಂದರು. ಬಿಚ್ಚಿದರೆ ಹೆಸರಿನ ಮುಂದೆ ದಪ್ಪಕ್ಷರದಲ್ಲಿ ‘ಲೇಟ್’! ಬಸ್‌ಸ್ಟ್ಯಾಂಡಿನಲ್ಲೇ ಗಲಾಟೆ. “ನಮ್ಮ ಪವರ್ ಸ್ಟಾರ್ ಯಾವತ್ರೀ ಲೇಟು?” ಅಂತ ಒಬ್ಬ. “ಪತ್ರಿಕೆಗೆ ಬರೆಯೋರು, ನೀವೇ ಹೇಳಣ್ಣ” ಅಂತ ಇನ್ನೊಬ್ಬ. ಪಿಯುಸಿ ಅರ್ಧಕ್ಕೇ ಬಿಟ್ಟ ಮಹಾನುಭಾವನ ಮುಂದೆ ಇಂಗ್ಲಿಷ್ ಪಂಚಾಯ್ತಿ!

ಹೇಳಿದೆ. ಹಳೇ ಇಂಗ್ಲಿಷಿನಲ್ಲಿ ಈ ಪದಕ್ಕೆ ‘ನಿಧಾನ’ ಅಂತಲೇ ಅರ್ಥ. ಹೆಸರಿನ ಮುಂದೆ ಬಂದರೆ ಮಾತ್ರ ‘ತೀರಿಹೋದ’. ಬೈಗುಳವೇನಲ್ಲ. ಆದರೆ ಕಂಡಕಂಡಲ್ಲಿ ಅಂಟಿಸಬಾರದು. ‘1954ರ ಬೇಡರ ಕಣ್ಣಪ್ಪದಲ್ಲಿ ಲೇಟ್ ರಾಜ್‌ಕುಮಾರ್ ನಟಿಸಿದರು’ ಅಂದರೆ ನಗೆಪಾಟಲು. ಅಣ್ಣಾವ್ರು ಹೋದದ್ದು 2006ರಲ್ಲಿ. ಕಣ್ಣಪ್ಪನ ಪಾತ್ರ ಮಾಡುವಾಗ ಗಟ್ಟಿಮುಟ್ಟಾಗಿದ್ದರಲ್ಲ! ‘ಲೇಟ್ ಪುನೀತ್ ಅವರ ಜೇಮ್ಸ್ ತೆರೆಕಂಡಿತು’ ಅಂದರೆ ಸರಿ. ಅವರು ಹೋದದ್ದು 2021ರ ಅಕ್ಟೋಬರ್ 29. ಚಿತ್ರ ಬಂದದ್ದು 2022ರ ಮಾರ್ಚ್ 17. ಇನ್ನು, ಇಲ್ಲವಾದ ಸಂಗತಿ ಎಲ್ಲರಿಗೂ ಗೊತ್ತಿರುವಾಗ ಆ ಪದವೇ ಬೇಡ. ಅಪ್ಪು ಇಲ್ಲ ಅಂತ ನಗರಗೆರೆಗೆ ಬ್ಯಾನರ್ ಕಟ್ಟಿ ಹೇಳಬೇಕೇ?

“ಹಂಗಾದ್ರೆ ಎಷ್ಟು ವರ್ಷ ಹಾಕ್ಬೇಕಣ್ಣ?”

ಕೇಳಿದವನು ಅಷ್ಟೊತ್ತು ಬಾಯೇ ಬಿಡದೆ ಹಗ್ಗ ಹಿಡಿದು ನಿಂತಿದ್ದ ಹುಡುಗ. ಇಂತಿಷ್ಟೇ ವರ್ಷ ಅಂತ ಲೆಕ್ಕವಿಲ್ಲಪ್ಪ, ಕಂಡು ಬಲ್ಲವರು ಬದುಕಿರೋ ತನಕ ಹಾಕ್ತಾರೆ, ಇಮ್ಮಡಿ ಪುಲಿಕೇಶಿಗೆ ಯಾರೂ ಹಾಕಲ್ಲ, ಅಂದೆ. ಎಲ್ಲರೂ ನಕ್ಕರು. ಅವನು ನಗಲಿಲ್ಲ.

“ಅಕ್ಕನ ಲಗ್ನಪತ್ರಿಕೆ ಅಚ್ಚಿಗೆ ಕೊಡ್ಬೇಕು. ಅಪ್ಪ ಹೋಗಿ ಹನ್ನೆರಡು ವರ್ಷ. ಲೇಟ್ ಅಂತ ಹಾಕ್ಬೇಡ ಅಂತಾಳೆ ಅಮ್ಮ.”

ನನ್ನ ಪಾಂಡಿತ್ಯ ಅಲ್ಲಿಗೆ ನಿಂತಿತು. ಕನ್ನಡದಲ್ಲಿ ‘ದಿವಂಗತ’ ಇದೆಯಲ್ಲ, ಸ್ವರ್ಗಕ್ಕೆ ಹೋದವರು ಅಂತ, ಅಂದೆ ಮೆತ್ತಗೆ.

“ಬರೀ ಹೆಸರು ಹಾಕಿದ್ರೆ ತಪ್ಪಾಗುತ್ತಾ?”

“ಗಂಡಿನ ಕಡೆ ದೂರದ ನೆಂಟರು ಯಜಮಾನ್ರು ಎಲ್ಲಿ ಅಂತ ಕೇಳಿಬಿಟ್ರೆ?”

ಸ್ವಲ್ಪ ಯೋಚಿಸಿದ. “ಕೇಳಲಿ ಬಿಡಣ್ಣ. ನಾನು ಹೇಳ್ತೀನಿ. ಅಮ್ಮ ಮನೇಲಿ ಪತ್ರಿಕೆ ಓದೋವಾಗ ಅಳಬಾರ್ದು, ಅಷ್ಟೆ.”

ಬ್ಯಾನರಿನ ‘ಲೇಟ್’ ಮೇಲೆ ಬಿಳಿ ಕಾಗದ ಅಂಟಿಸಿದವನೂ ಅವನೇ. ಸಂಜೆ ಗಾಳಿಗೆ ಒಂದು ಮೂಲೆ ಎದ್ದಿತ್ತು. ಏಣಿ ತಂದು ಮತ್ತೆ ಅಂಟು ಬಳಿದ.